ಕ್ಯಾಪ್ಟನ್ ಹಾಯಿಯ ಕಡೇ ಹೊಲಿಗೆ

"ಆಗಿದ್ಯೋ ಇಲ್ವೋ? ಒಂದೇ ಮಾತು ಹೇಳು!"

ಹೊಸ್ತಿಲ ಮೇಲೆ ನಿಂತು ಕ್ಯಾಪ್ಟನ್ ಹೀಗೆ ಕೇಳಿದ್ದು ಮೂರನೇ ಸಲ. ಸೂಜಿ ಉದ್ದ ಮೇಜಿನ ಮೇಲೆ ಹರಡಿದ್ದ ಅವನ ಹಾಯಿಯನ್ನೇ ನೋಡುತ್ತಿದ್ದಳು.

ಕ್ಯಾಪ್ಟನ್ ಅಂದರೆ ಯಾವ ಹಡಗಿನ ಕ್ಯಾಪ್ಟನ್ನೂ ಅಲ್ಲ. ಸೂಜಿಯ ಕ್ಲಾಸಿನ ಹುಡುಗ. ತಲೆಯ ಮೇಲೆ ಸದಾ ಒಂದು ಬಿಳಿ ಟೋಪಿ. ಸ್ನಾನ ಮಾಡುವಾಗಲೂ ಅದನ್ನು ತೆಗೆಯುವುದಿಲ್ಲ ಅಂತ ಐದನೇ ಕ್ಲಾಸಿನವರೆಲ್ಲ ನಂಬಿದ್ದರು. ಹೋದ ವರ್ಷ ಮಕ್ಕಳ ಹಾಯಿದೋಣಿ ರೇಸಿನಲ್ಲಿ ಫಸ್ಟ್ ಬಂದವನು ಅವನೇ.

ಅದೇ ರೇಸಿನಲ್ಲಿ ಸೂಜಿ ಮತ್ತು ಅವಳ ತಮ್ಮ ಲಾಸ್ಟ್. ಬರೀ ಲಾಸ್ಟ್ ಬಂದಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಅವರ ದೋಣಿ ನಟ್ಟನಡು ನೀರಿನಲ್ಲಿ ನಿಂತಲ್ಲೇ ಏಳು ಸುತ್ತು ತಿರುಗಿತ್ತು. ದಂಡೆಯಲ್ಲಿದ್ದ ಜನ ಬೆರಳು ಮಡಚಿ ಎಣಿಸಿದ್ದರು.

ಅವತ್ತಿನಿಂದ ಶುರುವಾಗಿತ್ತು ಕ್ಯಾಪ್ಟನ್ ಕಾಟ. ಸೂಜಿ ಕ್ಲಾಸಿಗೆ ಕಾಲಿಟ್ಟರೆ ಸಾಕು, ಎರಡೂ ಕೈ ಚಾಚಿ ಗಿರಗಿರ ತಿರುಗುವನು. "ಬಂತು ಬಂತು, ಸೂಜಿ ಬೋಟ್ ಬಂತು! ಎಲ್ಲಾ ಸೈಡಿಗೆ ಹೋಗಿ!" ಬೆಂಚುಗಳೆಲ್ಲ ನಗುತ್ತಿದ್ದವು. ಸೂಜಿಯೂ ನಕ್ಕಂತೆ ಮಾಡುತ್ತಿದ್ದಳು. ಮನೆಗೆ ಬಂದು ಮಾತ್ರ ದಿಂಬಿಗೆ ನಾಲ್ಕು ಗುದ್ದು ಹಾಕುತ್ತಿದ್ದಳು.

"ನಿಂಗೇ ಕೇಳ್ತಿರೋದು, ಸೂಜಿ! ನಾಳೆ ರೇಸು. ಆಂಟಿ ಇವತ್ತು ಸಂಜೆ ಕೊಡ್ತೀನಿ ಅಂದಿದ್ರು."

ಆಂಟಿ ಅಂದರೆ ಸೂಜಿಯ ಅಮ್ಮ. ಅಮ್ಮನ ಕೆಲಸ ಹಾಯಿ ಹೊಲಿಯುವುದು. ಆ ಹಿನ್ನೀರಿನ ದಂಡೆಯಲ್ಲಿ ಯಾವ ದೋಣಿಯ ಹಾಯಿ ಹರಿದರೂ ಅದು ಬರುವುದು ಈ ಮನೆಗೇ. ರೇಸಿನ ವಾರ ಬಂತೆಂದರೆ ಮನೆಯ ತುಂಬ ಹಾಯಿ. ಕುರ್ಚಿ ಮೇಲೆ ಹಾಯಿ, ಮಂಚದ ಮೇಲೆ ಹಾಯಿ. ಊಟಕ್ಕೆ ತಟ್ಟೆ ಇಡಲು ಜಾಗ ಹುಡುಕಬೇಕು. ಈ ಸಲ ಹದಿನಾಲ್ಕು ಬಂದಿದ್ದವು.

ಅಮ್ಮ ಈಗ ಮನೆಯಲ್ಲಿರಲಿಲ್ಲ. ದೋಣಿ ಕಟ್ಟುವ ಜೆಟ್ಟಿಯಲ್ಲಿ ಯಾರದೋ ಹಾಯಿ ಮೊಳೆಗೆ ಸಿಕ್ಕಿ ಹರಿಯಿತೆಂದು ಕರೆ ಬಂದಿತ್ತು. ಅಮ್ಮ ಕತ್ತರಿ ಹಿಡಿದು ಓಡಿದ್ದಳು. ಓಡುವಾಗ ಹೇಳಿದ್ದಳು: "ಕ್ಯಾಪ್ಟನ್ ಬಂದ್ರೆ ಕೂತ್ಕೊಳೋಕೆ ಹೇಳು. ಕಡೇ ಹೊಲಿಗೆ ಒಂದು ಬಾಕಿ ಇದೆ. ಬಂದು ಮಿಷನ್ ಹೊಡೆದುಕೊಡ್ತೀನಿ."

ಅಮ್ಮ ದಪ್ಪ ಬಟ್ಟೆಯನ್ನು ಒಮ್ಮೆಗೇ ಮಿಷನ್ನಿಗೆ ಕೊಡುತ್ತಿರಲಿಲ್ಲ. ಬಟ್ಟೆ ಸರಿದಾಡದಿರಲಿ ಅಂತ ಮೊದಲು ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕುವಳು. ಅದರ ಮೇಲೆ ಮಿಷನ್ನಿನಲ್ಲಿ ಎರಡು ಸಲ ಗಟ್ಟಿ ಹೊಲಿಗೆ. ಕ್ಯಾಪ್ಟನ್ ಹಾಯಿಯ ನಡುವಿಗೆ ಒಂದು ಹೊಸ ಪಟ್ಟಿ ಕೂರಿಸಿದ್ದಳು. ಪಟ್ಟಿಯ ಒಂದು ಅಂಚು ಮುಗಿದಿತ್ತು. ಇನ್ನೊಂದು ಅಂಚಿನಲ್ಲಿ ಬರೀ ಕಚ್ಚಾ ಹೊಲಿಗೆ. ಬಿಳಿ ಬಟ್ಟೆ, ಬಿಳಿ ದಾರ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತಿತ್ತು.

ಸೂಜಿಗೆ ಗೊತ್ತಿತ್ತು. "ಕೂತ್ಕೋ, ಅಮ್ಮ ಬರ್ತಾಳೆ" ಎನ್ನಲು ಬಾಯಿ ತೆರೆದೂ ಆಗಿತ್ತು.

ಅಷ್ಟರಲ್ಲಿ ಕ್ಯಾಪ್ಟನ್ ಹೊಸ್ತಿಲ ಮೇಲೆಯೇ ಕೈ ಚಾಚಿ ಒಂದು ಸುತ್ತು ತಿರುಗಿದ. "ನಾಳೆ ಎಷ್ಟು ರೌಂಡು? ಏಳಾ, ಹತ್ತಾ? ಹೇಳಿದ್ರೆ ಎಣಿಸೋಕೆ ಜನ ರೆಡಿ ಮಾಡ್ತೀನಿ."

ಸೂಜಿ ತೆರೆದ ಬಾಯಿ ಮುಚ್ಚಿದಳು. ಮತ್ತೆ ತೆರೆದಳು.

"ಆಗಿದೆ" ಅಂದಳು.

ಹಾಯಿಯನ್ನು ಚಕಚಕನೆ ಮಡಚಿದಳು. ಕಚ್ಚಾ ಹೊಲಿಗೆಯ ಅಂಚು ಒಳಗೆ ಹೋಯಿತು. ಕ್ಯಾಪ್ಟನ್ ಅದನ್ನು ಹೆಗಲಿಗೇರಿಸಿ, ಟೋಪಿಗೆ ಕೈ ಮುಟ್ಟಿಸಿ, ಸಿಳ್ಳೆ ಹಾಕುತ್ತ ಹೊರಟುಹೋದ.

ಮಂಚದ ಮೇಲಿನ ಹಾಯಿಗಳ ಗುಡ್ಡೆ ಅಲುಗಾಡಿತು. ಅದರೊಳಗಿಂದ ಒಂದು ತಲೆ ಹೊರಬಂತು. ಅದು ತಮ್ಮನ ತಲೆ. ವಯಸ್ಸು ಏಳು. ಸಣ್ಣದಕ್ಕೂ ದೊಡ್ಡದಕ್ಕೂ ಕುಂಯ್ ಕುಂಯ್ ಅಂತ ರಾಗ ಎಳೆಯುತ್ತಿದ್ದ ಅವನನ್ನು ಮನೆಮಂದಿಯೆಲ್ಲ ಪಿಟೀಲು ಅಂತಲೇ ಕರೆಯುತ್ತಿದ್ದರು.

"ಅಕ್ಕಾ, ಅಮ್ಮ ಬಾಕಿ ಇದೆ ಅಂದ್ಲು..."

"ಶ್!"

"ನೀನು ಆಗಿದೆ ಅಂದೆ..."

"ಶ್ ಅಂದ್ನಲ್ಲ!"

"ಹೇಳ್ತೀನಿ ಅಮ್ಮಂಗೆ!"

ಸೂಜಿ ಅವನ ಪಕ್ಕ ಕೂತಳು. "ನಾಳೆ ರೇಸಲ್ಲಿ ನಿಂಗೇನು ಬೇಕು, ಹೇಳು."

ಪಿಟೀಲು ಕಣ್ಣು ಕಿರಿದು ಮಾಡಿದ. ಅವನು ಅಳುಬುರುಕನೇ ಹೊರತು ಪೆದ್ದನಲ್ಲ. "ಚುಕ್ಕಾಣಿ."

"ಚುಕ್ಕಾಣಿನಾ? ನಿಂಗೆ ಎಡ ಯಾವ್ದು ಬಲ ಯಾವ್ದು ಗೊತ್ತಿಲ್ಲ!"

"ಅಮ್ಮಾ..." ಪಿಟೀಲು ರಾಗ ಶುರು ಮಾಡಿದ.

"ಆಯ್ತು! ತಗೋ ಚುಕ್ಕಾಣಿ! ಬಾಯಿಗೆ ಬೀಗ ಹಾಕು!"

ಅಮ್ಮ ಬಂದಾಗ ಕತ್ತಲಾಗುವುದರಲ್ಲಿತ್ತು. ಬೆನ್ನು ನೀವಿಕೊಳ್ಳುತ್ತ ಮೇಜು ನೋಡಿದಳು. "ಕ್ಯಾಪ್ಟನ್ ಹಾಯಿ ಎಲ್ಲಿ?"

"ತಗೊಂಡು ಹೋದ."

"ಅಯ್ಯೋ, ಅದರ ಕಡೇ ಹೊಲಿಗೆ?"

"ಹೊಲಿದ್ಯಲ್ಲಮ್ಮಾ. ಊಟ ಆದ್ಮೇಲೆ. ನೀನೇ. ಓಡೋವಾಗ ಅವಸರಕ್ಕೆ ಬಾಕಿ ಅಂದೆ, ಅಷ್ಟೆ."

ಸೂಜಿಗೇ ಆಶ್ಚರ್ಯವಾಯಿತು. ಮೊದಲನೇ ಸುಳ್ಳಿಗೆ ಎಷ್ಟು ಯೋಚಿಸಿದ್ದಳು! ಎರಡನೆಯದು ತಾನಾಗಿಯೇ ನಾಲಿಗೆಗೆ ಬಂತು.

ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿತ್ತು. ಒಂದೊಂದು ಹಾಯಿ ಮುಗಿದಾಗಲೂ ಅಮ್ಮ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಅಮ್ಮ ಗೀಟು ಎಣಿಸಿದಳು. ಹದಿಮೂರಿದ್ದವು.

"ಗೀಟು ಹಾಕಿಲ್ವಲ್ಲೇ."

"ಮರ್ತಿರ್ತೀಯ."

ಅಮ್ಮ ಹಣೆ ಒತ್ತಿಕೊಂಡಳು. "ಇರಬಹುದಪ್ಪಾ. ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ ನೋಡು." ಹಾಗೆನ್ನುತ್ತ ಸೀಮೆಸುಣ್ಣ ತೆಗೆದುಕೊಂಡು, ಮಗಳ ಮಾತಿನ ಮೇಲೆ, ಹದಿನಾಲ್ಕನೇ ಗೀಟು ಎಳೆದಳು.

ಪಿಟೀಲು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. "ನಿಂಗೇನೋ ಆಯ್ತು?" ಅಂತ ಅಮ್ಮ ಕೇಳಿದರೆ "ಬೀಗ" ಅಂದ. ಸೂಜಿ ಅವನ ಕಾಲು ತುಳಿದಳು.

ರೇಸಿನ ದಿನ ಬೆಳಿಗ್ಗೆ ಗಾಳಿ ಎದ್ದಿತ್ತು. ದಂಡೆಯ ಬಾವುಟಗಳೆಲ್ಲ ಪಟಪಟ ಅನ್ನುತ್ತಿದ್ದವು.

"ಏನೋ ಸರಿ ಇಲ್ಲ ಅನಿಸ್ತಿದೆ ಕಣೇ" ಅಂದಳು ಅಮ್ಮ, ಮನೆಯಿಂದ ಹೊರಡುವಾಗ.

"ನಾನೇನೂ ಮಾಡಿಲ್ಲ!" ಅಂದಳು ಸೂಜಿ.

"ನೀನು ಮಾಡಿದೆ ಅಂತ ಯಾರಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೂಜಿ ಲೈಫ್ ಜಾಕೆಟ್ಟಿನ ಬಕಲ್ಲು ಸರಿಯಿಲ್ಲ ಅನ್ನುವಂತೆ ಅದನ್ನೇ ಎಳೆದಾಡತೊಡಗಿದಳು.

ಹನ್ನೆರಡು ದೋಣಿಗಳು ಸಾಲಾಗಿ ನಿಂತಿದ್ದವು. ಕ್ಯಾಪ್ಟನ್ ದೋಣಿಯ ಹೆಸರು ಬಾಣ. ಸಪೂರ, ನೀಲಿ ಬಣ್ಣ, ನೋಡಿದರೇ ಓಡುವಂತಿತ್ತು. ಸೂಜಿಯ ದೋಣಿಗೆ ಯಾರೂ ಹೆಸರಿಟ್ಟಿರಲಿಲ್ಲ. ಅಗಲವಾಗಿ, ಚಪ್ಪಟೆಯಾಗಿ, ಮೂತಿ ಮೇಲಕ್ಕೆ ತಿರುಗಿಸಿಕೊಂಡು ಇದ್ದದ್ದರಿಂದ ಊರವರೇ ಅದನ್ನು ಚಪ್ಪಲಿ ಅಂತ ಕರೆದುಬಿಟ್ಟಿದ್ದರು.

ರೇಸು ನಡೆಸುವವರು ಸ್ಕೂಲಿನ ಆಟದ ಮೇಷ್ಟ್ರು. ಕೊರಳಿನ ಸೀಟಿ ಇಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ. ಅದಕ್ಕೇ ಅವರು ಸೀಟಿ ಮೇಷ್ಟ್ರು. ಮೈಕು ಹಿಡಿದು ಕೂಗಿದರು: "ನೀರಲ್ಲಿ ತೇಲೋ ಕೆಂಪು ಡ್ರಮ್ಮು ಸುತ್ತಬೇಕು, ಆಮೇಲೆ ಹಳದಿ ಡ್ರಮ್ಮು ಸುತ್ತಬೇಕು, ವಾಪಸ್ ಜೆಟ್ಟಿಗೆ ಬರಬೇಕು! ಹುಟ್ಟು ಹಾಕಿದ್ರೆ ಔಟು! ಕೈಯಲ್ಲಿ ನೀರು ಬಡಿದ್ರೂ ಔಟು! ಗೆದ್ದವರ ಹಾಯಿ ಒಂದು ವಾರ ಈ ಕಂಬದ ಮೇಲೆ!"

ಕ್ಯಾಪ್ಟನ್ ಎದೆ ಸೆಟೆಸಿ ಅಮ್ಮನ ಹತ್ತಿರ ಬಂದ. ಹಿಂದೆಯೇ ಅವನ ಜೊತೆಗಾರ ಮೌನಿ. ಮೌನಿ ಮಾತಾಡಿದ್ದನ್ನು ಕೇಳಿದವರು ಕಡಿಮೆ. ಹಾಜರಿ ಕರೆದಾಗಲೂ ಕೈ ಎತ್ತುತ್ತಿದ್ದ, ಅಷ್ಟೆ.

"ಆಂಟಿ, ಥ್ಯಾಂಕ್ಸ್! ಹೊಸ ಪಟ್ಟಿ ಸೂಪರ್ ಆಗಿದೆ" ಅಂದ ಕ್ಯಾಪ್ಟನ್.

ಪಕ್ಕದಲ್ಲಿ ಕೂತಿದ್ದ ಅಂಬಿಗ ತಾತ ಬೊಚ್ಚುಬಾಯಿ ಬಿಟ್ಟು ನಕ್ಕ. ಐವತ್ತು ವರ್ಷ ದೋಣಿ ನಡೆಸಿದ ಮುದುಕ. "ಈಯಮ್ಮನ ಕೈ ಅಂದ್ರೆ ಏನಂದ್ಕೊಂಡೆ ಮಗಾ? ಹನ್ನೊಂದು ವರ್ಷ ಆಯ್ತು. ನೀರಿನ ಮೇಲೆ ಇವಳ ಒಂದು ಹೊಲಿಗೆ ಬಿಚ್ಚಿದ್ದು ಈ ಕಣ್ಣು ಕಂಡಿಲ್ಲ."

ಅಮ್ಮ "ಸುಮ್ನಿರಿ ತಾತ" ಅಂದಳು. ಆದರೆ ಅವಳ ಮುಖ ಅರಳಿತ್ತು. ಒಂದು ವಾರದ ದಣಿವೆಲ್ಲ ಆ ಒಂದು ಮಾತಿಗೆ ಇಳಿದು ಹೋದಂತಿತ್ತು.

ಸೂಜಿ ಅಮ್ಮನ ಅರಳಿದ ಮುಖವನ್ನೇ ನೋಡಿದಳು.

ಹಾಯಿ ಬಿಚ್ಚಿಕೊಂಡರೆ ಕ್ಯಾಪ್ಟನ್ ಇಂಗು ತಿಂದ ಮಂಗನ ಹಾಗೆ ಆಗುತ್ತಾನೆ, ಎಲ್ಲರೂ ಅವನನ್ನು ನೋಡಿ ನಗುತ್ತಾರೆ. ಇಷ್ಟು ಹೊತ್ತೂ ಅವಳ ಕಣ್ಣ ಮುಂದೆ ಇದ್ದದ್ದು ಅದೊಂದೇ ಚಿತ್ರ. ಈಗ ಬೇರೆ ಕಾಣಿಸಿತು. ಯಾರೂ ಕ್ಯಾಪ್ಟನ್ ಕಡೆ ನೋಡುವುದಿಲ್ಲ. ಎಲ್ಲರೂ ಅಮ್ಮನ ಕಡೆ ತಿರುಗುತ್ತಾರೆ.

ಓಡಿಹೋಗಿ ಕ್ಯಾಪ್ಟನ್ನನ ತೋಳು ಹಿಡಿದಳು. "ಏಯ್, ಹಾಯಿ ಇಳಿಸು. ಹೋಗ್ಬೇಡ."

"ಯಾಕೆ?"

"ಅದು... ಸರಿ ಇಲ್ಲ. ಬಿಚ್ಚಿಹೋಗುತ್ತೆ."

ಕ್ಯಾಪ್ಟನ್ ಹೊಟ್ಟೆ ಹಿಡಿದು ನಕ್ಕ. "ಹೋದ ತಿಂಗಳು ನನ್ನ ಬ್ಯಾಗಲ್ಲಿ ಕಪ್ಪೆ ಇಟ್ಟಿದ್ದು ಯಾರು? ಪರೀಕ್ಷೆ ಮುಂದಕ್ಕೆ ಹೋಯ್ತು ಅಂತ ಇಡೀ ಕ್ಲಾಸಿಗೆ ಹೇಳಿದ್ದು ಯಾರು? ಹೋಗೇ, ನಿನ್ನ ಮಾತು ನಂಬೋಕೆ ನಾನೇನು ಪಿಟೀಲಾ?"

"ನಾನೂ ನಂಬಲ್ಲ" ಅಂದ ಪಿಟೀಲು, ಚುಕ್ಕಾಣಿಯ ಪಕ್ಕದಿಂದ.

ಪೀಈಈ! ಸೀಟಿ ಕೂಗಿತು.

ಬಾಣ ಬಾಣದಂತೆಯೇ ಹೋಯಿತು. ಚಪ್ಪಲಿ ಮೊದಲು ಹಿಂದಕ್ಕೆ ಹೋಯಿತು.

"ಎಡಕ್ಕೋ!" ಸೂಜಿ ಕಿರುಚಿದಳು. ಪಿಟೀಲು ಬಲಕ್ಕೆ ತಳ್ಳಿದ. "ಬಲಕ್ಕಲ್ಲ, ಎಡಕ್ಕೆ! ಅನ್ನ ತಿನ್ನೋ ಕೈ ಅಲ್ಲ, ಇನ್ನೊಂದು!" ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಿತ್ತು ಅಕ್ಕ ತಮ್ಮಂದಿರ ಸವಾರಿ. ದಂಡೆಯಿಂದ "ಒಂದೂ..." ಅಂತ ಎಣಿಕೆ ಕೇಳಿಸಿತು. ಚಪ್ಪಲಿ ಒಂದು ಸುತ್ತು ಮುಗಿಸಿತ್ತು.

ಸೂಜಿಗೆ ಆ ಎಣಿಕೆ ಕಿವಿಗೂ ಬೀಳಲಿಲ್ಲ. ಅವಳ ಕಣ್ಣೆಲ್ಲ ಮುಂದೆ ಓಡುತ್ತಿದ್ದ ಹಾಯಿಯ ಮೇಲೆ.

"ಪಿಟೀಲೂ, ನನ್ ಮಾತು ಕೇಳು. ಎಡ ಬಲ ಮರ್ತುಬಿಡು. ಬಾಣ ಕಾಣ್ತಾ ಇದ್ಯಾ? ಅದರ ಬಾಲ ಬಿಡಬೇಡ."

"ಡಿಕ್ಕಿ ಹೊಡೀಲಾ?" ಪಿಟೀಲಿನ ಮುಖ ಮೊದಲ ಸಲ ಬೆಳಗಿತು.

"ಹೊಡಿ!"

ಆಮೇಲೆ ನೋಡಬೇಕಿತ್ತು. ಎಡ ಬಲ ತಿಳಿಯದ ಹುಡುಗನಿಗೆ ಗುರಿ ಚೆನ್ನಾಗಿಯೇ ತಿಳಿಯಿತು. ಸೂಜಿ ಹಾಯಿಯ ಹಗ್ಗವನ್ನು ಮೈಯೆಲ್ಲ ಹಿಂದಕ್ಕೆ ಬಾಗಿಸಿ ಹಿಡಿದಳು. ಚಪ್ಪಲಿಯ ಅಗಲ ಹೊಟ್ಟೆಯ ಕೆಳಗೆ ನೀರು ಗುಳುಗುಳು ಅಂದಿತು. ಒಂದು ದೋಣಿಯನ್ನು ದಾಟಿದರು. ಇನ್ನೊಂದನ್ನೂ ದಾಟಿದರು.

ಕೆಂಪು ಡ್ರಮ್ಮಿನ ಹತ್ತಿರ ಬಾಣ ರಪ್ಪನೆ ತಿರುಗಿತು. ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಬಡಿಯಿತು. ಹೊಸ ಪಟ್ಟಿಯ ಅಂಚಿನಲ್ಲಿ ಒಂದು ಬೆರಳು ತೂರುವಷ್ಟು ಬಿರುಕು ಬಿಟ್ಟು ಅದರೊಳಗಿಂದ ಆಕಾಶ ಕಾಣಿಸಿತು. ಒಂದು ಹೊಲಿಗೆ ಹೋಗಿತ್ತು. ಮತ್ತೊಂದು ಗಾಳಿ ಬೀಸಿತು. ಈಗ ಒಂದು ಅಂಗೈ ತೂರುತ್ತಿತ್ತು.

"ಕ್ಯಾಪ್ಟನ್! ಹಾಯಿ ನೋಡೋ!"

"ಸೋಲ್ತೀನಿ ಅಂತ ಭಯಾನಾ?" ಕ್ಯಾಪ್ಟನ್ ತಿರುಗಿ ನೋಡದೆ ಕೂಗಿದ.

ಆಗ ಮೌನಿ ತಲೆ ಎತ್ತಿ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಬಾಯಿ ಬಿಟ್ಟ.

"ಬಿಚ್ತಾ ಇದೆ."

ಕ್ಯಾಪ್ಟನ್ ಹೌಹಾರಿದ. ಅವನು ಮೊದಲು ಬೆಚ್ಚಿದ್ದು ಹಾಯಿಗಲ್ಲ, ಮೌನಿಗೆ ಮಾತು ಬಂದದ್ದಕ್ಕೆ. ಆಮೇಲೆ ಮೇಲೆ ನೋಡಿದ. ಅಷ್ಟರಲ್ಲಿ ಬಿರುಕು ಮೊಳದುದ್ದ ಆಗಿತ್ತು. ಗಾಳಿಯೆಲ್ಲ ಅದರೊಳಗಿಂದ ಸೋರಿಹೋಗುತ್ತಿತ್ತು. ಬಾಣ ಸುಸ್ತಾದ ಹಾಗೆ ನಿಧಾನವಾಯಿತು.

"ಈಗ!" ಅಂದಳು ಸೂಜಿ.

ಢಬ್! ಪಿಟೀಲು ಕೊಟ್ಟ ಮಾತು ಉಳಿಸಿಕೊಂಡ. ಚಪ್ಪಲಿಯ ಮೂತಿ ಬಾಣದ ಪಕ್ಕೆಗೆ ಬಡಿಯಿತು. ಕ್ಯಾಪ್ಟನ್ ಕುಕ್ಕರಿಸಿ ಬಿದ್ದ. ಟೋಪಿ ನೀರಿಗೆ ಹಾರಿತು. ಅವನ ತಲೆಯ ಮೇಲೆ ಕೂದಲು ಇತ್ತು ಅನ್ನುವುದು ಅವತ್ತು ಊರಿಗೆ ತಿಳಿಯಿತು.

ಸೂಜಿ ಬಾಣದೊಳಕ್ಕೆ ಹಾರಿದಳು.

"ಏಯ್! ನನ್ ಬೋಟು! ಇಳೀ!"

"ಬಾಯ್ಮುಚ್ಚಿ ಹಾಯಿ ಇಳಿಸು. ಪೂರ್ತಿ ಬೇಡ, ಕೈಗೆ ಸಿಗೋಷ್ಟು. ಮೌನಿ, ನೀನು ಆ ಕಡೆ ಹೋಗು, ಪಿಟೀಲು ಒಬ್ಬನೇ ಇದಾನೆ."

ಮೌನಿ ಒಂದು ಮಾತೂ ಆಡದೆ ಚಪ್ಪಲಿಗೆ ದಾಟಿ ಬಾಣದ ಅಂಚು ಗಟ್ಟಿಯಾಗಿ ಹಿಡಿದುಕೊಂಡ. ಆ ವರ್ಷದ ಮಾತು ಅವನು ಆಡಿ ಮುಗಿಸಿದ್ದ.

ಸೂಜಿ ಕಾಲರಿನ ಹಿಂದಕ್ಕೆ ಕೈ ಹಾಕಿದಳು. ಅಮ್ಮನ ಹಾಗೆ ಅವಳೂ ಅಲ್ಲಿ ಯಾವಾಗಲೂ ದಾರ ಸುತ್ತಿದ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದಳು. ಹೆಸರು ಬಂದದ್ದೇ ಅದರಿಂದ. ಅವಳ ಮಾತು ಚುಚ್ಚುತ್ತದೆ, ಅದಕ್ಕೇ ಆ ಹೆಸರು ಎನ್ನುವವರೂ ಇದ್ದರು. ಅವತ್ತು ಇದ್ದದ್ದು ಕೆಂಪು ದಾರ.

"ಎರಡೂ ಅಂಚು ಕೂಡಿಸಿ ಹಿಡ್ಕೋ. ಬಿಗಿಯಾಗಿ."

ಕ್ಯಾಪ್ಟನ್ ಹಿಡಿದ. ಬೇರೇನು ಮಾಡುತ್ತಾನೆ? ಸೂಜಿ ಹೊಲಿಯತೊಡಗಿದಳು. ದೋಣಿ ಮೇಲೆದ್ದಾಗ ಹೊಲಿಗೆ ಮೇಲಕ್ಕೆ, ಕೆಳಗಿಳಿದಾಗ ಕೆಳಕ್ಕೆ. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ಒಂದು ಸಲ ಕ್ಯಾಪ್ಟನ್ ಬೆರಳಿಗೆ.

"ಬೇಕೂಂತಲೇ ಚುಚ್ಚಿದೆ!"

"ಇಲ್ಲ. ಇದು ಬೇಕೂಂತ ಅಲ್ಲ."

ಮಿಕ್ಕ ದೋಣಿಗಳು ಒಂದೊಂದಾಗಿ ಅವರನ್ನು ದಾಟಿಹೋದವು. ದಾಟಿದವರೆಲ್ಲ ಬಾಯಿ ತೆರೆದು ನೋಡಿದರು. ದಂಡೆಯಿಂದ ಮೈಕಿನ ದನಿ ತೇಲಿ ಬಂತು: "ಏಯ್! ಅಲ್ಲೇನು ಸಂತೆ ನಡೀತಿದ್ಯಾ? ನಾಲ್ಕು ಜನ ಅಲ್ಲೇನ್ ಮಾಡ್ತಿದ್ದೀರಾ?"

"ಹೊಲೀತಿದ್ದೀವಿ ಸಾರ್!" ಪಿಟೀಲು ಕೂಗಿ ಹೇಳಿದ. ಗಾಳಿಗೆ ಅದು ಯಾರಿಗೂ ಕೇಳಿಸಲಿಲ್ಲ.

ಕ್ಯಾಪ್ಟನ್ ಹೊಲಿಗೆ ನೋಡುತ್ತ ಕೇಳಿದ. "ಬಿಚ್ಚುತ್ತೆ ಅಂತ ನಿಂಗೆ ಹೇಗೆ ಗೊತ್ತಿತ್ತು?"

ಸೂಜಿ ದಾರ ಎಳೆದಳು. ಬೆನ್ನು ತಿರುಗಿಸಿ ಓಡೋಣವೆಂದರೆ ಸುತ್ತ ನೀರು. "ಕಡೇ ಹೊಲಿಗೆ ಆಗಿರ್ಲಿಲ್ಲ. ಆಗಿದೆ ಅಂತ ನಾನು ಸುಳ್ಳು ಹೇಳ್ದೆ."

"ಯಾಕೆ?"

"ನೀನು ತಿರುಗ್ತೀಯಲ್ಲ. ಅದಕ್ಕೆ."

"ಅದು... ತಮಾಷೆಗೆ ಅಲ್ವಾ?"

"ತಮಾಷೆ ನಿಂಗೆ."

ಕ್ಯಾಪ್ಟನ್ ಮುಖ ಕೆಂಪಾಯಿತು. ಕೋಪವೇ ಬಂದಿತ್ತು, ಬಾರದೆ ಇರುತ್ತದೆಯೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ದಡಕ್ಕೆ ಹೋಗ್ಲಿ, ಎಲ್ರಿಗೂ ಹೇಳ್ತೀನಿ ನೋಡು!"

"ಹೇಳು. ಆದ್ರೆ ನನ್ನ ಹೆಸರು ಹೇಳು. ಅಮ್ಮನ ಹೊಲಿಗೆ ಬಿಚ್ತು ಅಂತ ಮಾತ್ರ ಅನ್ಬೇಡ."

ಹೊಲಿಗೆ ಮುಗಿದು ಸೂಜಿ, ಮೌನಿ ತಮ್ಮ ತಮ್ಮ ದೋಣಿಗೆ ಮರಳಿದರು. ಹನ್ನೊಂದನೆಯ ದೋಣಿಯಾಗಿ ಬಾಣ ಬಂತು. ಹನ್ನೆರಡನೆಯದು ಚಪ್ಪಲಿ. ಹಳದಿ ಡ್ರಮ್ಮಿನ ಹತ್ತಿರ ಚಪ್ಪಲಿ ಇನ್ನೆರಡು ಸುತ್ತು ಹಾಕಿತು, ಆದರೆ ಎಣಿಸುವವರು ಯಾರೂ ಇರಲಿಲ್ಲ. ದಂಡೆಯ ಕಣ್ಣೆಲ್ಲ ಬಾಣದ ಬಿಳಿ ಹಾಯಿಯ ಮೇಲೆ ಹಾವಿನಂತೆ ಹರಿದಿದ್ದ ಕೆಂಪು ಹೊಲಿಗೆಯ ಮೇಲಿತ್ತು.

ಜನ ಸುತ್ತ ಸೇರಿದರು. ಅಂಬಿಗ ತಾತ ಬೆರಳಲ್ಲಿ ಅದನ್ನು ಮುಟ್ಟಿ ನೋಡಿ, ಅಮ್ಮನ ಕಡೆ ತಿರುಗಿದ. ಬೈಯಲಿಲ್ಲ. ಮೆಲ್ಲನೆ ಕೇಳಿದ, ಅಷ್ಟೆ. "ಏನಮ್ಮಾ, ನಿನ್ನ ಹೊಲಿಗೆಯೂ ಬಿಡ್ತಾ?"

ಅಮ್ಮ ಹಾಯಿಯ ಅಂಚು ಎತ್ತಿದಳು. ಕೆಂಪು ದಾರದ ಪಕ್ಕ ತುಂಡಾದ ಬಿಳಿ ದಾರಗಳು. ಅವಳ ಹೆಬ್ಬೆರಳು ಅಂಚಿನ ಉದ್ದಕ್ಕೂ ಹುಡುಕಿತು. ಮಿಷನ್ ಹೊಲಿಗೆಯ ಒಂದು ತೂತೂ ಅಲ್ಲಿರಲಿಲ್ಲ. ಮುಖದ ಬಣ್ಣವೇ ಇಳಿದುಹೋಯಿತು.

"ತಪ್ಪು ನಂದೇ ತಾತ" ಅಂದಳು ಅಮ್ಮ. "ಮಿಷನ್ ಹೊಡೆಯೋದು ಮರೆತಿದ್ದೀನಿ. ನಿನ್ನೆ ಸಂಜೆಯೇ ಅನುಮಾನ ಬಂತು. ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ. ಮಕ್ಕಳು ನೀರಿನ ಮೇಲಿದ್ರು. ಏನಾದ್ರೂ ಆಗಿದ್ರೆ... ಇನ್ನು ಈ ಕೆಲಸ ನನ್ನ ಕೈಲಿ ಆಗುತ್ತೋ ಇಲ್ವೋ."

ಕ್ಯಾಪ್ಟನ್ ಸೂಜಿಯನ್ನು ನೋಡಿದ. ಹೇಳುತ್ತೇನೆ ಅಂದವನು ಏನೂ ಹೇಳಲಿಲ್ಲ. ಪಿಟೀಲು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಸೂಜಿಗೆ ಸ್ಪಷ್ಟವಾಗಿ ಹೊಳೆಯಿತು. ಅಮ್ಮ ಒಪ್ಪಿಕೊಂಡೂ ಆಗಿತ್ತು. ಮೂರನೇ ಸುಳ್ಳಿಗೆ ಬಾಯಿಯನ್ನೂ ತೆರೆಯಬೇಕಾಗಿರಲಿಲ್ಲ.

ಅಮ್ಮನ ಹೆಬ್ಬೆರಳು ಇನ್ನೂ ಆ ಅಂಚಿನಲ್ಲಿ ತೂತು ಹುಡುಕುತ್ತಲೇ ಇತ್ತು.

"ಅಮ್ಮ ಮರೆತಿಲ್ಲ!"

ತನ್ನ ದನಿ ಇಷ್ಟು ಜೋರಾಗಿ ಬಂದದ್ದಕ್ಕೆ ಸೂಜಿ ತಾನೇ ಬೆಚ್ಚಿದಳು. ಎಲ್ಲರೂ ತಿರುಗಿದರು.

"ಹೊಲಿಗೆ ಬಾಕಿ ಇದೆ ಅಂತ ಅಮ್ಮ ನಂಗೆ ಹೇಳಿ ಹೋಗಿದ್ಲು. ನಾನು ಆಗಿದೆ ಅಂತ ಇವನಿಗೆ ಕೊಟ್ಟೆ. ಅಮ್ಮಂಗೂ ನೀನೇ ಹೊಲಿದೆ ಅಂತ ಸುಳ್ಳು ಹೇಳ್ದೆ. ತಾತ, ಅಮ್ಮ ಹೊಲಿದಿದ್ದು ಬಿಚ್ಚಿಲ್ಲ. ಅವಳು ಹೊಲಿದೇ ಇಲ್ಲ. ಬೇಕಾದ್ರೆ ಆ ಕಡೆ ಅಂಚು ನೋಡಿ, ಅದು ಅಮ್ಮಂದು."

ಹೇಳಿ ಮುಗಿಸುವಾಗ ಮೂಗು ಸೋರುತ್ತಿತ್ತು. ಅಂಬಿಗ ತಾತ ನಿಜವಾಗಿಯೂ ಆ ಕಡೆಯ ಅಂಚನ್ನು ಎಳೆದು ನೋಡಿದ. ಹೊಲಿಗೆ ಜಪ್ಪಯ್ಯ ಅನ್ನಲಿಲ್ಲ.

ಸೀಟಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಚಪ್ಪಲಿ ಈ ರೇಸಿಂದ ಔಟು. ಮುಂದಿನ ವರ್ಷವೂ ಔಟು."

"ನಾನೇನ್ ಮಾಡ್ದೆ?" ಪಿಟೀಲು ಕೊನೆಗೂ ತನ್ನ ರಾಗ ಎತ್ತಿದ. "ನಾನು ಬರೀ ಡಿಕ್ಕಿ ಹೊಡ್ದೆ!"

ಯಾರೋ ಕಿಸಕ್ಕೆಂದರು. ಕ್ಯಾಪ್ಟನ್ ಒಂದು ಕೈಯಲ್ಲಿ ಟೋಪಿಯಿಲ್ಲದ ತಲೆ ಮುಟ್ಟಿಕೊಳ್ಳುತ್ತ ಇನ್ನೊಂದು ಕೈ ಎತ್ತಿದ. "ಸಾರ್, ನಾವು ಹನ್ನೊಂದನೇದಾ, ಔಟಾ? ಬೋಟ್ ಮೇಲೆ ಹೊಲೀಬಾರ್ದು ಅಂತ ರೂಲ್ಸಲ್ಲಿ ಇಲ್ವಲ್ಲ."

ಮೇಷ್ಟ್ರು ಜೇಬಿನಿಂದ ರೂಲ್ಸ್ ಹಾಳೆ ತೆಗೆದು ಮೇಲಿಂದ ಕೆಳಗಿನವರೆಗೆ ಓದಿದರು. ಹುಟ್ಟು ಇತ್ತು, ಕೈ ಇತ್ತು, ಮೋಟರು ಇತ್ತು. ಹೊಲಿಗೆ ಇರಲಿಲ್ಲ. "ಹನ್ನೊಂದು" ಅಂದರು, ಅರೆಮನಸ್ಸಿನಿಂದ.

ಕ್ಯಾಪ್ಟನ್ ಸೂಜಿಯ ಪಕ್ಕದಲ್ಲಿ ಹಾದುಹೋಗುವಾಗ ನೆಲ ನೋಡುತ್ತ ಗೊಣಗಿದ. "ಒಂದು ವರ್ಷ ಪೂರ್ತಿ ತಿರುಗಿದ್ದು ಜಾಸ್ತಿ ಆಯ್ತು ಅನ್ಸುತ್ತೆ."

ಅಮ್ಮ ಹಾಯಿಯನ್ನು ಬಾಣದ ಕಂಬದಿಂದ ಬಿಚ್ಚಿದಳು. "ಇವತ್ತೇ ಹೊಲಿದು ಕೊಡ್ತೀನಪ್ಪಾ" ಅಂತ ಕ್ಯಾಪ್ಟನ್‌ಗೆ ಹೇಳಿದಳು. ಉದ್ದಕ್ಕೆ ಮಡಚಿ ಒಂದು ತುದಿಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಇನ್ನೊಂದು ತುದಿ ಸೂಜಿಯ ಮುಂದೆ ನೆಲದ ಮೇಲಿತ್ತು. ಸೂಜಿ ಎತ್ತಿಕೊಂಡಳು.

ಒದ್ದೆ ಹಾಯಿ ಭಾರವಿತ್ತು. ಅಮ್ಮ ಮುಂದೆ, ಸೂಜಿ ಹಿಂದೆ. ನಡುವೆ ಹಾಯಿಯ ನೆರಳಿನಲ್ಲಿ ಪಿಟೀಲು, ನೀರು ತಲೆಗೆ ತೊಟ್ಟಿಕ್ಕಿದಾಗೆಲ್ಲ ಕುಂಯ್ ಅನ್ನುತ್ತ. ದಾರಿಯಲ್ಲಿ ಕೆಸರು, ಜಲ್ಲಿ, ತರಕಾರಿ ಗಾಡಿಗಳು.

ಹೀಗೆ ಇಬ್ಬರೂ ಹಾಯಿ ಹೊತ್ತು ಎಷ್ಟು ಸಲ ನಡೆದಿದ್ದರೋ. ಪ್ರತಿ ಸಲ ಅಮ್ಮ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವಳು. "ನೆಲಕ್ಕೆ ತಾಗ್ತಿದೆ, ಎತ್ತು" ಅನ್ನುವಳು. ಸೂಜಿ ಎತ್ತುವಳು, ಅಮ್ಮ ಮುಂದೆ ತಿರುಗಿದ ಮೇಲೆ ಮತ್ತೆ ಇಳಿಸುವಳು.

ಇವತ್ತು ಅಮ್ಮ ತಿರುಗಲಿಲ್ಲ. ತರಕಾರಿ ಗಾಡಿ ದಾಟಿದರೂ ತಿರುಗಲಿಲ್ಲ. ಕೆಸರಿನ ಹತ್ತಿರವೂ ತಿರುಗಲಿಲ್ಲ. ಕೋಪಕ್ಕೆ ತಿರುಗುತ್ತಿಲ್ಲವೋ, ಅಳು ಕಾಣದಿರಲಿ ಅಂತ ತಿರುಗುತ್ತಿಲ್ಲವೋ, ಹಿಂದಿನಿಂದ ನೋಡಿದರೆ ತಿಳಿಯುವಂತಿರಲಿಲ್ಲ. ತಿರುಗಿ ನೋಡಲಿ, ಬೈಯಲಿ, ಏನಾದರೂ ಅನ್ನಲಿ ಅಂತ ಸೂಜಿಗೆ ತುಂಬ ಆಸೆಯಾಯಿತು. ಅಮ್ಮನ ಬೆನ್ನು ಸುಮ್ಮನೆ ನಡೆಯುತ್ತಲೇ ಇತ್ತು.

ಸೂಜಿ ತನ್ನ ತುದಿಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ಆಮೇಲೆ ಭುಜದ ಮೇಲಕ್ಕೆ. ಎರಡೂ ತೋಳು ನಡುಗತೊಡಗಿದವು. ಕೆಸರು ದಾಟುವಾಗ ತುದಿಗಾಲಿನಲ್ಲಿ ನಡೆದಳು. ಒಂದು ಮೂಲೆಯೂ ನೆಲಕ್ಕೆ ತಾಗಲಿಲ್ಲ. ಅದನ್ನು ಯಾರೂ ನೋಡುತ್ತಿರಲಿಲ್ಲ.

ಬೀದಿಯ ತಿರುವಿನಲ್ಲಿ, ಮುಂದೆ ನೋಡುತ್ತಲೇ ಅಮ್ಮ ಅಂದಳು. "ಅಷ್ಟು ಮೇಲೆ ಎತ್ತಬೇಡ್ವೇ. ಕೈ ನೋಯುತ್ತೆ."

ಅಮ್ಮ ತಿರುಗಿರಲೇ ಇಲ್ಲ. ಹಾಯಿಯ ಬಟ್ಟೆಯ ಎಳೆತದಲ್ಲೇ ಅವಳಿಗೆ ಗೊತ್ತಾಗಿತ್ತು.

"ನೋಯ್ತಾ ಇಲ್ಲಮ್ಮ" ಅನ್ನಲು ಹೊರಟ ಸೂಜಿ ತಡೆದುಕೊಂಡಳು.

"ನೋಯ್ತಾ ಇದೆ" ಅಂದಳು. "ಆದ್ರೂ ಹಿಡ್ಕೋತೀನಿ."